ಬೆರಳಿಗೆ ಸಿಕ್ಕ ನೇತ್ರಾವತಿ

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರಾದರೂ ಭೂಪಟದ ಮಾತೆತ್ತಿದರೆ ಉಳಿದವರು ನನ್ನ ಮುಖ ನೋಡಿ ನಗುತ್ತಾರೆ. ಇನ್ನು ಈ ಟೀಚರ್ ಆ ಹುಡುಗಿಯ ಕಥೆ ಹೇಳದೆ ಬಿಡುವುದಿಲ್ಲ ಎಂದು ಅವರಿಗೆ ಗೊತ್ತು. ಹೇಳುತ್ತೇನೆ, ಅದರಲ್ಲಿ ನಾಚಿಕೆ ಏನು? ಹೊಸದಾಗಿ ವರ್ಗವಾಗಿ ಬಂದವರಿಗೆ ಮೊದಲ ವಾರದಲ್ಲೇ ಹೇಳಿಬಿಡುತ್ತೇನೆ. ಇಷ್ಟು ವರ್ಷ ಪಾಠ ಮಾಡಿದ್ದರಲ್ಲಿ ಎದೆ ಉಬ್ಬಿಸಿ ಹೇಳುವಂಥದ್ದು ನನಗೆ ಬಹಳವೇನೂ ಇಲ್ಲ. ಇದೊಂದು ಇದೆ.

ಬಂಟ್ವಾಳ ತಾಲೂಕಿನಲ್ಲಿ, ವಿಟ್ಲದಿಂದ ಸ್ವಲ್ಪ ಒಳಗೆ, ನಮ್ಮದು ಸರಕಾರಿ ಪ್ರೌಢಶಾಲೆ. ನಾನು ಅಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಇತಿಹಾಸವೆಂದರೆ ಮಕ್ಕಳು ಕಿವಿ ಕೊಡುತ್ತಾರೆ; ಯುದ್ಧ, ರಾಜ, ರಾಣಿ ಏನಾದರೂ ಇರುತ್ತದೆ. ಭೂಗೋಳದ ಪುಸ್ತಕ ತೆರೆದರೆ ಆಕಳಿಕೆ. ಗೋಡೆಗೆ ಭೂಪಟ ತೂಗುಹಾಕಿ ಉತ್ತರ ಯಾವ ಕಡೆ ಎಂದು ಕೇಳಿದರೆ ಅರ್ಧ ತರಗತಿ ಮಾಡಿನ ಹೆಂಚಿನ ಕಡೆ ಕೈ ತೋರಿಸುತ್ತದೆ. ಅವರ ತಪ್ಪಲ್ಲ. ಗೋಡೆಯ ಮೇಲಿನ ಭೂಪಟದಲ್ಲಿ ಉತ್ತರ ಮೇಲೆಯೇ ಇರುತ್ತದೆ ತಾನೆ?

ಆ ವರ್ಷ ಎಂಟನೆಯ ತರಗತಿಗೆ ಹುಟ್ಟಿನಿಂದ ಕಣ್ಣು ಕಾಣದ ಹುಡುಗಿಯೊಬ್ಬಳು ಬಂದಳು. ಬ್ಯಾರಿ ಮನೆಯ ಮಗು. ತಂದೆ ಮೀನಿನ ಪಿಕಪ್ ಓಡಿಸುತ್ತಿದ್ದರು, ತಾಯಿ ಮನೆಯಲ್ಲೇ ಬೀಡಿ ಕಟ್ಟುತ್ತಿದ್ದರು. ಹುಡುಗಿಗೆ ಬ್ರೈಲ್ ಚೆನ್ನಾಗಿ ಬರುತ್ತಿತ್ತು. ಅದನ್ನು ಕಲಿಸಿದ ವಿಶೇಷ ಶಿಕ್ಷಕಿ ಆಗಾಗ ಶಾಲೆಗೆ ಬಂದು ಹೋಗುತ್ತಿದ್ದರು. ಮಾತು ಚುರುಕು, ಸಿಟ್ಟು ಮೂಗಿನ ತುದಿಯಲ್ಲಿ. ಯಾರಾದರೂ ಕೇಳದೆ ಕೈ ಹಿಡಿದು ನಡೆಸಿದರೆ ಕೈ ಕೊಡವಿ ಬಿಡುತ್ತಿದ್ದಳು. "ನನಗೆ ಕಾಲು ಉಂಟು" ಎನ್ನುತ್ತಿದ್ದಳು.

ಪರೀಕ್ಷೆಯಲ್ಲಿ ಭೂಪಟ ಗುರುತಿಸುವ ಪ್ರಶ್ನೆಗೆ ಇಂಥ ಮಕ್ಕಳಿಗೆ ಬದಲಿ ಪ್ರಶ್ನೆ ಕೊಡುವ ಕ್ರಮ ಮೊದಲಿನಿಂದ ಇದೆ. ಅದನ್ನು ಅವಳಿಗೆ ಒಂದು ದಿನ ತಿಳಿಸಿ ಹೇಳಿದೆ. ನದಿ, ಪರ್ವತಗಳ ಹೆಸರು ಬಾಯಿಪಾಠ ಮಾಡಿದರೆ ಸಾಕು, ಮಿಕ್ಕಿದ್ದಕ್ಕೆ ತೊಂದರೆ ಇಲ್ಲ ಎಂದೆ. ಅವಳು ಕೇಳಿದಳು:

"ಟೀಚರ್, ಇವರೆಲ್ಲ ಮ್ಯಾಪು ಮ್ಯಾಪು ಅಂತಾರಲ್ಲ, ಅದು ಎಂತದು?"

"ಊರಿನ ಚಿತ್ರ. ಮೇಲಿಂದ ನೋಡಿದರೆ ಹೇಗೆ ಕಾಣ್ತದೋ ಹಾಗೆ ಬರೆದದ್ದು."

"ಮೇಲಿಂದ ಅಂದ್ರೆ?"

ನಾನು ಹಕ್ಕಿಯ ವಿಷಯ ಹೇಳೋಣವೆಂದುಕೊಂಡೆ. ಮರದ ತುದಿ, ವಿಮಾನ, ಯಾವುದೂ ಉಪಯೋಗಕ್ಕೆ ಬರುವ ಹಾಗಿರಲಿಲ್ಲ. ಕಣ್ಣಿನಿಂದ ನೋಡಿಯೇ ಗೊತ್ತಿಲ್ಲದವಳಿಗೆ ಮೇಲಿನ ನೋಟ, ಪಕ್ಕದ ನೋಟ ಎಂದರೆ ಏನು? "ನಾಳೆ ಹೇಳ್ತೇನೆ" ಎಂದೆ.

ಆ ಸಂಜೆ ಮನೆಯಲ್ಲಿ ಕುಳಿತು ಒಂದು ಕೆಲಸ ಮಾಡಿದೆ. ಒಣಗಿದ ಅಡಿಕೆ ಹಾಳೆಯೊಂದನ್ನು ನೀರಲ್ಲಿ ನೆನೆಸಿ, ಮಣೆಯಡಿ ಒತ್ತಿಟ್ಟು, ಚಪ್ಪಟೆ ಮಾಡಿದೆ. ಅದರ ಮೇಲೆ ಗೋಂದು ಹಚ್ಚಿ ಪೊರಕೆಯ ಹಿಡಿಕಡ್ಡಿಯಿಂದ ನಮ್ಮ ತರಗತಿಯ ನಾಲ್ಕು ಗೋಡೆ, ಬೆಂಕಿಕಡ್ಡಿಯಿಂದ ಬೆಂಚುಗಳು, ರಟ್ಟಿನ ತುಂಡಿನಿಂದ ಕರಿಹಲಗೆ, ಗೋಡೆಯಲ್ಲಿ ಬಾಗಿಲಿಗೆಂದು ಒಂದು ಖಾಲಿ ಜಾಗ. ಉತ್ತರದ ಕಡೆಗೆ ಒಂದು ಹುಣಸೆ ಬೀಜ ಅಂಟಿಸಿದೆ.

ಮರುದಿನ ಅವಳ ಬೆರಳುಗಳು ಆ ಹಾಳೆಯ ಮೇಲೆ ನಿಧಾನವಾಗಿ ಹರಿದಾಡಿದವು. ಪಕ್ಕದ ಬೆಂಚಿನ ಮಕ್ಕಳು ಎದ್ದು ಬಂದು ಮುತ್ತಿಕೊಂಡರು. "ಇದು ಬೆಂಚು" ಎಂದೆ.

"ಇದಾ? ಇದು ಕಡ್ಡಿ."

"ಬೆಂಚನ್ನು ಸಣ್ಣ ಮಾಡಿದ್ದು."

ಅವಳು ಕಡ್ಡಿಯನ್ನು ಮತ್ತೊಮ್ಮೆ ಸವರಿದಳು. "ಓ, ಆಟದ ಪಾತ್ರೆಗಳ ಹಾಗೆ! ನಮ್ಮ ಮನೆಯಲ್ಲಿ ತಂಗಿಗೆ ಸಣ್ಣ ಕೊಡಪಾನ, ಸಣ್ಣ ಬಟ್ಟಲು ಉಂಟು." ಬೆರಳು ಮತ್ತೆ ಗೋಡೆಯುದ್ದಕ್ಕೂ ಹೋಗಿ ಬಾಗಿಲಿನ ಖಾಲಿ ಜಾಗದಲ್ಲಿ ನಿಂತಿತು. ಅಳೆದು ನೋಡಿತು. ಆಮೇಲೆ ಕರಿಹಲಗೆಗೆ ಹೋಗಿ ಅದನ್ನೂ ಅಳೆಯಿತು. "ಟೀಚರ್, ನಮ್ಮ ಬಾಗಿಲು ಇಷ್ಟು ಅಗಲ ಇಲ್ಲ. ಇದರಲ್ಲಿ ಬಸ್ಸೇ ಒಳಗೆ ಬಂದೀತು."

ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಪ್ರಮಾಣ ಎಂಬುದನ್ನು ನಾನು ಕರಿಹಲಗೆಯ ಮೇಲೆ ಅದೆಷ್ಟು ಸಲ ಬರೆದು ವಿವರಿಸಿದ್ದೆನೋ. ಒಂದನ್ನು ಎಷ್ಟು ಕುಗ್ಗಿಸಿದೆವೋ ಎಲ್ಲವನ್ನೂ ಅಷ್ಟೇ ಕುಗ್ಗಿಸಬೇಕು ಎಂಬುದು ಆ ದಿನ ಒಂದು ನಗುವಿನಲ್ಲಿ ಎಲ್ಲರಿಗೂ ತಿಳಿಯಿತು.

"ಮೇಲಿಂದ" ಎಂಬ ಪದಕ್ಕೆ ಅರ್ಥ ಹುಡುಕಿಕೊಂಡವಳೂ ಅವಳೇ. ಮಧ್ಯಾಹ್ನದ ಬಿಸಿಯೂಟದ ಹೊತ್ತು. ತಟ್ಟೆಯಲ್ಲಿ ಅನ್ನ, ಸಾಂಬಾರು ಬಡಿಸಿಕೊಂಡು ಕುಳಿತಿದ್ದಳು. ಕೈ ಚಾಚಿ ಅನ್ನ ಎಲ್ಲಿದೆ, ಸಾಂಬಾರು ಎಲ್ಲಿಗೆ ಹರಿದಿದೆ ಎಂದು ಮುಟ್ಟಿ ನೋಡಿಕೊಂಡವಳು ಇದ್ದಕ್ಕಿದ್ದಂತೆ ನನ್ನನ್ನು ಕೂಗಿದಳು.

"ಟೀಚರ್, ಗೊತ್ತಾಯ್ತು! ಕೈ ತಟ್ಟೆಗೆ ಮೇಲಿಂದಲೇ ಇಳಿಯುವುದಲ್ವಾ? ಊರು ತಟ್ಟೆಯಷ್ಟಾದರೆ ನನ್ನ ಕೈಗೆ ಹೇಗೆ ಸಿಗ್ತದೋ, ಅದೇ ಮ್ಯಾಪು."

ಅದಕ್ಕಿಂತ ಒಳ್ಳೆಯ ಮಾತು ನನ್ನ ಪುಸ್ತಕದಲ್ಲಿ ಇರಲಿಲ್ಲ. ಅಂದಿನಿಂದ ಎಂಟನೆಯ ತರಗತಿಗೆ ಭೂಪಟದ ಪಾಠ ಶುರುಮಾಡುವಾಗ ಅದನ್ನೇ ಹೇಳುತ್ತೇನೆ, ಯಾರು ಹೇಳಿದ್ದು ಎಂದೂ ಸೇರಿಸಿ.

ದಿಕ್ಕು ಅವಳಿಗೆ ಕಷ್ಟವೇ ಆಗಲಿಲ್ಲ. ಆಟದ ಮೈದಾನದಲ್ಲಿ ಎಲ್ಲರನ್ನೂ ನಿಲ್ಲಿಸಿ ಪಶ್ಚಿಮಕ್ಕೆ ತಿರುಗಿ ಎಂದಾಗ ಮೊದಲು ತಿರುಗಿದವಳು ಅವಳು. ಹೇಗೆ ಗೊತ್ತಾಯಿತು ಎಂದು ಕೇಳಿದರೆ, "ಈ ಕೆನ್ನೆಗೆ ಬಿಸಿಲು ಬೀಳ್ತಾ ಉಂಟು, ಈಗ ಸಂಜೆಯಲ್ವಾ? ಮತ್ತೆ ನಮಾಜಿಗೆ ನಿಲ್ಲುವುದು ನಾವು ಆ ಕಡೆಗೇ. ಸರಿಯಾಗಿ ಪಶ್ಚಿಮ ಅಲ್ಲ ಟೀಚರ್, ಸ್ವಲ್ಪ ಉತ್ತರಕ್ಕೆ ವಾಲಬೇಕು" ಎಂದಳು. ಅವಳಿಗೆ ತಕರಾರು ಇದ್ದದ್ದು ಹುಣಸೆ ಬೀಜದ ಬಗ್ಗೆ. ಹಾಳೆಯನ್ನು ಸುತ್ತ ತಿರುಗಿಸಿ ಕೇಳಿದಳು: "ಈಗ ಬೀಜ ನನ್ನ ಹೊಟ್ಟೆಯ ಕಡೆಗೆ ಬಂತು. ಉತ್ತರವೂ ಬಂತಾ?"

"ಉತ್ತರ ಇದ್ದಲ್ಲೇ ಉಂಟು. ನೀನು ಹಾಳೆಯನ್ನು ತಿರುಗಿಸಿ ಬೀಜವನ್ನು ಅದರ ಕಡೆ ಮಾಡಬೇಕು."

"ಹಾಗಾದ್ರೆ ಗೋಡೆಗೆ ಯಾಕೆ ನೇತು ಹಾಕುವುದು? ನೆಲದಲ್ಲಿ ಹಾಸಿದ್ರೆ ಆಗುದಿಲ್ವಾ?"

ಆಗುತ್ತದೆ ಎಂದು ನನಗೂ ಅನಿಸಿತು. ಗೋಡೆಯ ಭೂಪಟವನ್ನು ಬಿಚ್ಚಿ ತರಗತಿಯ ನೆಲದ ಮೇಲೆ ಉತ್ತರ ಉತ್ತರಕ್ಕೇ ಬರುವಂತೆ ಹಾಸಿದೆವು. ಮಕ್ಕಳು ಸುತ್ತ ಕುಳಿತರು. ಅಂದಿನಿಂದ ಹೆಂಚಿನ ಕಡೆ ಕೈ ತೋರಿಸುವವರು ನಮ್ಮ ತರಗತಿಯಲ್ಲಿ ಇಲ್ಲವಾದರು.

ಆಮೇಲೆ ಇಡೀ ತರಗತಿಗೆ ಇದೊಂದು ಹುಚ್ಚು ಹಿಡಿಯಿತು. ದಕ್ಷಿಣ ಕನ್ನಡದ ದೊಡ್ಡದೊಂದು ಭೂಪಟ ಮಾಡುವ, ಮುಟ್ಟಿದರೆ ತಿಳಿಯುವಂಥದ್ದು, ಎಂದು ಮಕ್ಕಳೇ ಹೊರಟರು. ಒಬ್ಬಳು ಹಳೆಯ ಪ್ಲೈವುಡ್ ತುಂಡು ತಂದಳು. ಹುಡುಗಿಯ ತಾಯಿ ಬೀಡಿ ಕಟ್ಟುವ ನೂಲಿನ ಉಂಡೆ ಕಳಿಸಿದರು; ಅದು ನದಿಗೆ. ರಸ್ತೆಗೆ ಚಪ್ಪಲಿಯ ರಬ್ಬರಿನ ಪಟ್ಟಿ, ಊರಿಗೆ ಅಂಗಿಯ ಗುಂಡಿ. ತಾಲೂಕು ಕೇಂದ್ರಕ್ಕೆ ದೊಡ್ಡ ಗುಂಡಿ, ಉಳಿದ ಪೇಟೆಗಳಿಗೆ ಸಣ್ಣದು. ಯಾವುದು ಏನು ಎಂದು ಒಂದು ಮೂಲೆಯಲ್ಲಿ ಒಂದೊಂದು ಮಾದರಿ ಅಂಟಿಸಿ ಪಕ್ಕದಲ್ಲಿ ಅವಳೇ ಬ್ರೈಲಿನಲ್ಲಿ ಬರೆದಳು. ಭೂಪಟದ ಸಂಕೇತಗಳು ಎಂಬ ಪಾಠ ಅಲ್ಲಿಗೆ ಮುಗಿದಿತ್ತು, ನಾನು ಬೇರೆ ಮಾಡಬೇಕಾಗಲಿಲ್ಲ.

ಸಮುದ್ರಕ್ಕೆ ಏನು ಎಂದು ಚರ್ಚೆಯಾಗಿ, ತರಿತರಿಯಾಗಿರಲಿ ಎಂದು ಗೋಂದಿನ ಮೇಲೆ ರವೆ ಉದುರಿಸಿದೆವು. ಸೋಮವಾರ ಬಂದು ನೋಡಿದರೆ, ಬಾಗಿಲಲ್ಲೇ ಒಬ್ಬ ಓಡಿಬಂದು ವರದಿ ಒಪ್ಪಿಸಿದ: "ಟೀಚರ್, ಅರಬ್ಬೀ ಸಮುದ್ರಕ್ಕೆ ಇರುವೆ ಬಂದಿದೆ!" ಮಂಗಳೂರಿನಿಂದ ಮೂಲ್ಕಿಯವರೆಗೆ ಕಡಲು ಖಾಲಿಯಾಗಿತ್ತು. ಕೊನೆಗೆ ಬಡಗಿಯೊಬ್ಬರ ಹತ್ತಿರ ಮರಳುಕಾಗದ ಕೇಳಿ ತಂದು ಅಂಟಿಸಿದೆವು. ಅದು ಇಂದಿಗೂ ಗಟ್ಟಿಯಾಗಿದೆ.

ಭೂಪಟ ಒಣಗಿದ ದಿನ ಅವಳನ್ನು ಕೂರಿಸಿ ಬೆರಳನ್ನು ಬೆಳ್ತಂಗಡಿಯ ಮೇಲ್ಬದಿಯಲ್ಲಿ, ಘಟ್ಟದ ಬುಡದಲ್ಲಿ ಇಟ್ಟೆ. "ಈ ನೂಲು ಹಿಡಿದು ಹೋಗು" ಎಂದೆ. ಬೆರಳು ಹೊರಟಿತು. ಉಪ್ಪಿನಂಗಡಿ ಬಂದಾಗ ನಿಂತಿತು.

"ಇಲ್ಲಿ ಇನ್ನೊಂದು ನೂಲು ಬಂದು ಸೇರಿತು."

"ಕುಮಾರಧಾರಾ" ಎಂದರು ಎಲ್ಲರೂ ಒಟ್ಟಿಗೆ.

ಬೆರಳು ಮುಂದೆ ಹೋಗಿ ಬಂಟ್ವಾಳದ ದೊಡ್ಡ ಗುಂಡಿಯನ್ನು ಬಳಸಿ, ಪಾಣೆಮಂಗಳೂರು ದಾಟಿ, ಮರಳುಕಾಗದಕ್ಕೆ ತಾಗಿತು. ಅವಳು ಕೈ ತೆಗೆಯಲಿಲ್ಲ. "ಇದು ನೇತ್ರಾವತಿಯಾ? ಇಷ್ಟು ದೂರ ಬರ್ತದಾ ಅದು? ನಾನು ಸೇತುವೆಯ ಹತ್ತಿರ ಮಾತ್ರ ಅದು ಇರುವುದು ಅಂತ ಎಣಿಸಿದ್ದೆ" ಎಂದಳು. ಮತ್ತೆ ಘಟ್ಟಕ್ಕೆ ಹೋಗಿ ಮೊದಲಿನಿಂದ ಬಂದಳು. ಗಂಟೆ ಹೊಡೆದದ್ದೂ ನಮಗೆ ಗೊತ್ತಾಗಲಿಲ್ಲ. ಆಮೇಲೆ ಉಳಿದ ಮಕ್ಕಳು ಸಾಲು ನಿಂತು, ಕಣ್ಣು ಮುಚ್ಚಿಕೊಂಡು, ತಾವೂ ಒಬ್ಬೊಬ್ಬರಾಗಿ ಹೊಳೆಯಲ್ಲಿ ಇಳಿದರು. ಹೆಚ್ಚಿನವರು ಉಪ್ಪಿನಂಗಡಿಯಲ್ಲಿ ದಾರಿ ತಪ್ಪಿ ಸುಬ್ರಹ್ಮಣ್ಯದ ಕಡೆಗೆ ಹತ್ತಿದರು. ಅವಳು ಕುಳಿತು ತಿದ್ದುತ್ತಿದ್ದಳು.

ಒಂಬತ್ತನೆಯ ತರಗತಿಗೆ ಬಂದಾಗ ಗುಡ್ಡಗಳ ಸರದಿ. ಸಮೋನ್ನತಿ ರೇಖೆ ಎಂದರೆ ಕಣ್ಣಿದ್ದವರಿಗೂ ತಲೆನೋವು. ಚಪ್ಪಟೆ ಕಾಗದದ ಮೇಲೆ ಒಂದರೊಳಗೊಂದು ಗೆರೆಗಳು. ಅದನ್ನು ಗುಡ್ಡ ಎಂದು ನಂಬಬೇಕು. ಬೆಳ್ತಂಗಡಿಯ ಗಡಾಯಿಕಲ್ಲನ್ನು ಮಾಡುವ ಎಂದೆ. ದೂರದಿಂದ ನೋಡಿದರೆ ನೆಲದಿಂದ ಮುಷ್ಟಿ ಎದ್ದುಬಂದ ಹಾಗೆ ಕಾಣುವ ಆ ಒಂಟಿ ಬಂಡೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಅಡಿಕೆ ಹಾಳೆಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಕತ್ತರಿಸಿ ಒಂದರ ಮೇಲೊಂದು ಅಂಟಿಸಿದೆವು. ಒಂದೊಂದು ಅಂಚು ಒಂದೊಂದು ಗೆರೆ. ಒಂದು ಬದಿಯಲ್ಲಿ ಹಾಳೆಯ ಅಂಚುಗಳು ಒತ್ತೊತ್ತಾಗಿ ಬಂದವು, ಇನ್ನೊಂದು ಬದಿಯಲ್ಲಿ ಬಿಡಿಬಿಡಿಯಾಗಿ. ಅವಳು ಎರಡೂ ಬದಿಯನ್ನು ಸವರಿ ಹೇಳಿದಳು: "ಅಂಚು ಹತ್ತಿರ ಹತ್ತಿರ ಇದ್ದಲ್ಲಿ ಹತ್ತುವವನ ಕಥೆ ಮುಗಿಯಿತು. ದೂರ ದೂರ ಇದ್ದಲ್ಲಿ ಮಾತಾಡ್ತಾ ಹೋಗಬಹುದು."

ಆ ವರ್ಷ ಮಳೆಗಾಲ ಮುಗಿದ ಮೇಲೆ ಶೈಕ್ಷಣಿಕ ಪ್ರವಾಸ ಬಂತು. ಬೆಳ್ತಂಗಡಿಯ ಗಡಾಯಿಕಲ್ಲು, ಅಲ್ಲಿಂದ ವೇಣೂರು ದಾರಿಯಾಗಿ ಮೂಡಬಿದಿರೆ, ಸಿದ್ಧಕಟ್ಟೆಯಾಗಿ ವಾಪಸು. ಭೂಪಟದಲ್ಲಿ ಓದಿದ್ದನ್ನು ಕಾಲಿನಿಂದ ನೋಡಬೇಕು ಎಂಬುದು ನನ್ನ ಆಸೆ. ಹೆಡ್ ಮಾಸ್ಟ್ರು ಒಳ್ಳೆಯವರು, ಆದರೆ ಹೆದರುವವರು. ನನ್ನನ್ನು ಕರೆದು ಹೇಳಿದರು:

"ಟೀಚರ್, ಅವಳನ್ನು ಕರಕೊಂಡು ಹೋಗ್ಬೇಡಿ ಅಂತ ನಾನು ಹೇಳುವುದಿಲ್ಲ. ಆದ್ರೆ ಆ ಕಲ್ಲಿನ ಮೆಟ್ಟಿಲು ನಿಮಗೆ ಗೊತ್ತುಂಟಲ್ಲ? ಮನೆಯವರು ಒಬ್ರು ಜೊತೆಗೆ ಬರ್ಲಿ. ಆಗ ನನಗೂ ಧೈರ್ಯ."

ನಾನು ಅವಳ ಮನೆಗೆ ಹೋದೆ. ತಾಯಿ ಜಗಲಿಯಲ್ಲಿ ಮಡಿಲಿನ ಮೇಲೆ ಮೊರದಂಥ ತಡ್ಪೆ ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದರು. ಕೈ ನಿಲ್ಲಿಸದೆ ನನ್ನ ಮಾತೆಲ್ಲ ಕೇಳಿದರು.

"ನೀವು ಬೇಸರ ಮಾಡ್ಬೇಡಿ ಟೀಚರೇ. ಪ್ರವಾಸಕ್ಕೆ ಹೋಗುವುದು ನೋಡ್ಲಿಕ್ಕೆ. ನೋಡ್ಲಿಕ್ಕೆ ಆಗದವಳು ಹೋಗಿ ಎಂತ ಮಾಡುವುದು? ಬಿದ್ದು ಕೈಕಾಲು ಮುರಿದ್ರೆ?"

ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ಸಿಟ್ಟಿನಿಂದ ಏನಾದರೂ ಹೇಳುತ್ತಾಳೆ ಎಂದುಕೊಂಡೆ. ಅವಳು ಒಳಗೆ ಹೋಗಿ ಒಂದು ಅಡಿಕೆ ಹಾಳೆ ತಂದಳು. ಶಾಲೆಯ ದೊಡ್ಡ ಭೂಪಟವನ್ನು ಮುಟ್ಟಿ ನೋಡಿ ತಾನೇ ಮನೆಯಲ್ಲಿ ಮಾಡಿಕೊಂಡ ಸಣ್ಣ ಪ್ರತಿ. ತಾಯಿಯ ಮಡಿಲಿನಿಂದ ತಡ್ಪೆ ಎತ್ತಿ ಬದಿಗಿಟ್ಟು ಅಲ್ಲಿ ಹಾಳೆ ಇಟ್ಟಳು.

"ಉಮ್ಮ, ಕೈ ಕೊಡು."

ತಾಯಿಯ ಬೆರಳನ್ನು ಹಿಡಿದು ಒಂದು ಗುಂಡಿಯ ಮೇಲೆ ಇಟ್ಟಳು. "ಇದು ವಿಟ್ಲ. ನಾವು ಇರುವುದು ಇದರ ಬದಿಯಲ್ಲಿ. ಈಗ ರಸ್ತೆ ಹಿಡಿದು ಬಾ. ಇದು ಕಲ್ಲಡ್ಕ. ಇದು ಹೊಳೆ, ನಿನ್ನ ನೂಲೇ. ದಾಟಿದೆವು. ಬಿ.ಸಿ.ರೋಡ್. ಇನ್ನು ಬಲಕ್ಕೆ, ಮೇಲೆ, ಮೇಲೆ. ಇದು ಗುರುವಾಯನಕೆರೆ. ಇಲ್ಲಿ ಎಡಕ್ಕೆ ತಿರುಗು. ಸ್ವಲ್ಪ ಹೋಗು. ನಿಂತ್ಕೊ." ಬೆರಳು ನಿಂತಲ್ಲಿ ಒಂದು ಪುಟ್ಟ ಹುಣಸೆ ಬೀಜದ ಚೂರು ಅಂಟಿಸಿತ್ತು. "ಇದು ವೇಣೂರಿನ ಈಚೆ ನಿನ್ನ ತವರು ಮನೆ."

ತಾಯಿ ಯಾವಾಗಲೋ ಕಣ್ಣು ಮುಚ್ಚಿಕೊಂಡಿದ್ದರು. ಯಾರೂ ಹೇಳಿರಲಿಲ್ಲ. ಅವರು ಎಂದೂ ಭೂಪಟ ಹಿಡಿದವರಲ್ಲ; ಶಾಲೆ ಬಿಟ್ಟದ್ದು ಸಣ್ಣ ತರಗತಿಯಲ್ಲೇ. ಬೆರಳನ್ನು ತಾವಾಗಿಯೇ ಹಿಂದಕ್ಕೆ ಎಳೆದು ವಿಟ್ಲಕ್ಕೆ ಬಂದರು, ಮತ್ತೆ ಮುಂದಕ್ಕೆ ಹೋದರು.

"ಬಸ್ಸಿನಲ್ಲಿ ಹೋಗುವಾಗ ನನಗೆ ಒಂದು ಯುಗ ಆಗ್ತದೆ. ಇಷ್ಟೇಯಾ?" ಎಂದರು.

"ಇಷ್ಟೇ ಅಲ್ಲ ಉಮ್ಮ, ಇದು ಸಣ್ಣ ಮಾಡಿದ್ದು" ಎಂದಳು ಮಗಳು, ನನ್ನದೇ ಧಾಟಿಯಲ್ಲಿ.

ತಾಯಿ ನನ್ನ ಕಡೆ ತಿರುಗಿ, "ಯಾವ ದಿವಸ ಹೋಗುವುದು ಟೀಚರೇ?" ಎಂದು ಕೇಳಿದರು.

ಪ್ರವಾಸದ ದಿನ ಬಸ್ಸು ಮುಂಜಾನೆ ಹೊರಟಿತು. ಪಾಣೆಮಂಗಳೂರಿನ ಸೇತುವೆಗೆ ಏರಿ ಗಾಲಿಗಳ ಸದ್ದು ಬದಲಾದದ್ದೇ ತಡ, "ನೇತ್ರಾವತಿ!" ಎಂದು ಕೂಗಿದಳು. ಹಾಡು ಹೇಳುತ್ತಿದ್ದ ಮಕ್ಕಳು ಹಾಡು ನಿಲ್ಲಿಸಿ ಕಿಟಕಿಗೆ ಮುಗಿಬಿದ್ದರು. ಅಲ್ಲಿಂದ ಮುಂದೆ ಅವಳದ್ದೇ ಕಾರುಬಾರು. ತಿರುವು ಬಂದಾಗಲೆಲ್ಲ ಮಡಿಲ ಮೇಲಿನ ಹಾಳೆ ಮುಟ್ಟಿ, ಇದು ಯಾವುದು ಎಂದು ತಾನು ಹೇಳುವುದು, ಉಳಿದವರು ಅಂಗಡಿಯ ಬೋರ್ಡು ಓದಿ ಸರಿ ಎನ್ನುವುದು. ಪುಂಜಾಲಕಟ್ಟೆ, ಮಡಂತ್ಯಾರು. ಒಂದು ಕಡೆ ತಪ್ಪಿದಳು. "ಬಸ್ಸು ಬೇಗ ಹೋಯ್ತು, ನನ್ನ ತಪ್ಪಲ್ಲ" ಎಂದು ಡ್ರೈವರಿನ ಮೇಲೆ ಹಾಕಿದಳು.

ಗಡಾಯಿಕಲ್ಲಿನ ಬುಡದಲ್ಲಿ ನನಗೂ ಹೆಡ್ ಮಾಸ್ಟ್ರ ಮಾತು ನೆನಪಾಯಿತು. ಮೆಟ್ಟಿಲು ಕಲ್ಲಿನಲ್ಲೇ ಕಡಿದದ್ದು, ಕೆಲವು ಕಡೆ ಮೊಣಕಾಲೆತ್ತರ. ಅವಳು ಒಂದು ಕೈಯಲ್ಲಿ ಗೆಳತಿಯ ಭುಜ, ಇನ್ನೊಂದು ಕೈಯಲ್ಲಿ ಕೋಲು ಹಿಡಿದು ಹತ್ತತೊಡಗಿದಳು. ತಾಯಿ ಹಿಂದೆ, ನಾನು ತಾಯಿಯ ಹಿಂದೆ. ಅರ್ಧ ದಾರಿಯಲ್ಲಿ ತಾಯಿ ಕುಳಿತುಬಿಟ್ಟರು. "ನನ್ನಿಂದ ಆಗ್ಲಿಕ್ಕಿಲ್ಲ. ನೀನು ಹೋಗು ಮಗಾ" ಎಂದರು. ಮಗಳು ನಕ್ಕು, "ಅಂಚು ಒತ್ತೊತ್ತಾಗಿ ಉಂಟು ಅಂತ ಮೊದಲೇ ಹೇಳಿದ್ದೆ ಉಮ್ಮ" ಎಂದು ಮುಂದೆ ಹೋದಳು.

ತುದಿಯಲ್ಲಿ ಜೋರು ಗಾಳಿ. ಮಕ್ಕಳು ಕಿರುಚಾಡಿದರು, ಫೋಟೊ ತೆಗೆಸಿಕೊಂಡರು. ಅವಳು ಕಲ್ಲಿನ ಮೇಲೆ ಕುಳಿತು ಉಸಿರು ಬಿಟ್ಟು, "ಘಟ್ಟ ಯಾವ ಕಡೆ?" ಎಂದು ಕೇಳಿದಳು. ಯಾರೂ ಉತ್ತರಿಸುವಷ್ಟರಲ್ಲಿ ತಾನೇ ಮುಖವನ್ನು ಬಿಸಿಲಿಗೆ ತಿರುಗಿಸಿ, "ಆ ಕಡೆ ಅಲ್ವಾ? ಬೆಳಗ್ಗಿನ ಬಿಸಿಲು ಘಟ್ಟದ ಮೇಲಿಂದ ಬರಬೇಕು. ಹಾಗಾದ್ರೆ ಕಡಲು ನನ್ನ ಬೆನ್ನಿಗೆ, ಮೂಡಬಿದಿರೆ ಬೆನ್ನಿನ ಬಲಬದಿಗೆ" ಎಂದು ಕೈ ಹಿಂದಕ್ಕೆ ಚಾಚಿದಳು... ಚಾಚಿದ್ದು ಎಡಗೈ. ಕ್ಷಣ ಬಿಟ್ಟು, "ಅಲ್ಲ, ಅಲ್ಲ, ಉತ್ತರ ನನಗೆ ಎಡಕ್ಕೆ. ಕೈ ಹೇಳಿದ್ದು ಸರಿ, ಬಾಯಿ ತಪ್ಪಿತು" ಎಂದು ನಕ್ಕಳು. ಪೂರ್ವಕ್ಕೆ ಮುಖಮಾಡಿ ಕುಳಿತವಳಿಗೆ ಉತ್ತರ ಎಡಕ್ಕೇ. ನಾನು ಆ ಗಾಳಿಯಲ್ಲಿ ನಿಂತು ಕಣ್ಣೊರೆಸಿಕೊಂಡೆ. ಗಾಳಿಗೆ ಧೂಳು ಬಿತ್ತು ಎಂದು ಮಕ್ಕಳಿಗೆ ಹೇಳಿದೆ, ಅವರು ನಂಬಲಿಲ್ಲ.

ಮೂಡಬಿದಿರೆಗೆ ತಲುಪುವಾಗ ಮಧ್ಯಾಹ್ನ ಕಳೆದಿತ್ತು. ಅಲ್ಲಿ ನಾನೊಂದು ಆಟ ಇಟ್ಟಿದ್ದೆ. ಮಕ್ಕಳನ್ನು ಗುಂಪು ಮಾಡಿ, ಪ್ರತಿ ಗುಂಪಿಗೂ ಪೇಟೆಯ ಒಂದು ನಕ್ಷೆ ಕೊಟ್ಟು, ಬಸ್ ನಿಲ್ಲಿಸಿದ ಜಾಗದಿಂದ ಬಸದಿಗಳ ಬೀದಿಯಲ್ಲಿರುವ ದೊಡ್ಡ ಬಸದಿಗೆ ನಡೆದು ಬರಬೇಕು, ಯಾರನ್ನೂ ಕೇಳಬಾರದು ಎಂದಿದ್ದೆ. ಅವಳ ಗುಂಪಿಗೆ ಅಂಗೈ ಅಗಲದ ಅಡಿಕೆ ಹಾಳೆಯ ನಕ್ಷೆ. ಹುಡುಗರ ಗುಂಪೊಂದು ಓಡಿಯೇ ಹೋಯಿತು. ಇವಳ ಗುಂಪಿನ ಹಿಂದೆ ನಾನೂ ತಾಯಿಯೂ ಹೊರಟೆವು. ತಾಯಿಗೆ ಮಗಳ ಕೈ ಹಿಡಿಯಬೇಕೆಂಬ ಆಸೆ. ಎರಡು ಸಲ ಕೈ ಮುಂದೆ ಹೋಯಿತು, ಎರಡು ಸಲವೂ ಹಿಂದೆ ಬಂತು.

ಅವಳು ಹೆಬ್ಬೆರಳನ್ನು ನಕ್ಷೆಯ ಮೇಲೆ ಇಟ್ಟುಕೊಂಡೇ ನಡೆದಳು. ನಾವು ಎಷ್ಟು ಮುಂದೆ ಹೋದೆವೋ ಹೆಬ್ಬೆರಳೂ ಅಷ್ಟು ಮುಂದೆ. ತಿರುವಿನಲ್ಲಿ ನಿಂತು ಹಾಳೆಯನ್ನು ತಿರುಗಿಸಿ ದಿಕ್ಕು ಸರಿಮಾಡಿಕೊಳ್ಳುತ್ತಿದ್ದಳು. "ಈಗ ಬಲಗಡೆ ಒಂದು ರಸ್ತೆ ಬಿಚ್ಚಿಕೊಳ್ಳಬೇಕು. ಬಂತಾ?" "ಬಂತು." "ಅದು ಬೇಡ. ಮುಂದಿನದ್ದು." ಒಂದು ಕಡೆ ಗಕ್ಕನೆ ನಿಂತಳು. "ಎಡಗಡೆಯಿಂದ ತಂಪು ಗಾಳಿ ಬಂತು. ಇಲ್ಲಿ ಒಂದು ಓಣಿ ಉಂಟಲ್ಲ?" ನೋಡಿದರೆ ಹೌದು, ಎರಡು ಗೋಡೆಗಳ ನಡುವೆ ಸಣ್ಣ ಓಣಿ. "ನಿಮ್ಮ ಮ್ಯಾಪಿನಲ್ಲಿ ಇಲ್ಲ ಟೀಚರ್."

"ಸಣ್ಣದೆಂದು ಬಿಟ್ಟೆ ಮಾರಾಯ್ತಿ. ಎಲ್ಲವನ್ನೂ ಹಾಕಿದರೆ ನಕ್ಷೆ ತುಂಬಿಹೋಗ್ತದೆ."

"ಬಿಡುವಾಗ ನಡೆಯುವವರಿಗೆ ಹೇಳಬೇಕಲ್ವಾ" ಎಂದು ಹೇಳಿ ಉಗುರಿನಿಂದ ಹಾಳೆಯ ಮೇಲೆ ಅಲ್ಲಿಯೇ ಒಂದು ಗೀರು ಎಳೆದಳು. ಆ ಓಣಿ ನಕ್ಷೆಗೆ ಸೇರಿತು.

ಬಸದಿಯ ಬೀದಿಯ ಮೂಲೆಯಲ್ಲಿ ಸೋಡಾ ಶರಬತ್ತಿನ ಅಂಗಡಿ. ಅಂಗಡಿಯವರು ಬಹಳ ಹೊತ್ತಿನಿಂದ ಇವಳನ್ನೇ ನೋಡುತ್ತಿದ್ದರೆಂದು ಕಾಣುತ್ತದೆ. ತಾಯಿಯನ್ನು ಕೇಳಿದರು: "ಆ ಹುಡುಗಿಗೆ ಕಣ್ಣು ಕಾಣುದಿಲ್ವಾ? ಎಲ್ಲರ ಮುಂದೆ ಹೋಗ್ತಾ ಇದ್ದಾಳಲ್ಲ, ಯಾರ ಮಗಳು?"

ಬೇರೆ ದಿನವಾಗಿದ್ದರೆ ಆ ತಾಯಿ ಸೆರಗು ಎಳೆದುಕೊಂಡು ಮುಂದೆ ಹೋಗಿಬಿಡುತ್ತಿದ್ದರು. ಅಂದು ನಿಂತರು. "ನನ್ನ ಮಗಳು. ಅವಳಿಗೆ ದಾರಿ ಗೊತ್ತುಂಟು. ನಾವೆಲ್ಲ ಅವಳ ಹಿಂದೆ ಬರುವುದು" ಎಂದರು. ಇಡೀ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

ಮೊದಲು ತಲುಪಿದವರು ಓಡಿಹೋದ ಹುಡುಗರೇ. ಅವಳ ಗುಂಪು ಕೊನೆಯದ್ದು. ಆದರೆ ದಾರಿ ತಪ್ಪದೆ, ಯಾರನ್ನೂ ಕೇಳದೆ ಬಂದವರು ಇವರೇ ಎಂದು ಹುಡುಗರೇ ಒಪ್ಪಿದರು. ಅವರು ಎರಡು ಕಡೆ ಕೇಳಿದ್ದರಂತೆ. ಬಸದಿಯ ಜಗಲಿಯಲ್ಲಿ ಅವಳು ಒಂದೊಂದೇ ಕಲ್ಲುಕಂಬವನ್ನು ಸವರುತ್ತಾ ಹೋದಳು. ಒಂದರ ಹಾಗೆ ಇನ್ನೊಂದಿಲ್ಲ ಎಂಬುದನ್ನು ನಾವು ಬೋರ್ಡಿನಲ್ಲಿ ಓದಿದೆವು, ಅವಳು ಕೈಯಾರೆ ತಿಳಿದಳು. ತಾಯಿಯನ್ನು ಕರೆದು ಒಂದು ಕಂಬದ ಬಳ್ಳಿ, ಇನ್ನೊಂದು ಕಂಬದ ಸರಪಳಿ ತೋರಿಸಿದಳು. ಬಸ್ಸಿಗೆ ಹೊರಡುವ ಹೊತ್ತಾದರೂ ಅವರಿಬ್ಬರೂ ಬರಲಿಲ್ಲ, ನಾನೇ ಹೋಗಿ ಕರೆಯಬೇಕಾಯಿತು.

ಹತ್ತನೆಯ ತರಗತಿಯ ಪಬ್ಲಿಕ್ ಪರೀಕ್ಷೆಯಲ್ಲಿ ಅವಳಿಗೆ ಬದಲಿ ಪ್ರಶ್ನೆಯೇ ಬಂತು. ನಿಯಮ ನಿಯಮವೇ. ಬರೆದುಕೊಡುವ ಸಹಾಯಕಿಯಿಂದ ಉತ್ತರ ಬರೆಸಿ ಹೊರಗೆ ಬಂದವಳು, "ಮ್ಯಾಪಿನ ಪ್ರಶ್ನೆ ಎಂತ ಇತ್ತು?" ಎಂದು ಗೆಳತಿಯರನ್ನು ಕೇಳಿ, ಅಲ್ಲಿಯೇ ಮರದ ಬುಡದಲ್ಲಿ ನಿಂತು ಗಾಳಿಯಲ್ಲಿ ಬೆರಳಾಡಿಸಿ ಎಲ್ಲವನ್ನೂ ಗುರುತಿಸಿದಳು. ಒಳ್ಳೆಯ ಅಂಕದಲ್ಲಿ ಪಾಸಾದಳು. ನನ್ನ ವಿಷಯದಲ್ಲಿ ಶಾಲೆಗೆ ಅವಳದ್ದೇ ಹೆಚ್ಚು.

ಪಿಯುಸಿಗೆ ಮೂಡಬಿದಿರೆಯ ಕಾಲೇಜೊಂದರಲ್ಲಿ ಸೇರುತ್ತೇನೆಂದು ಹಟ ಹಿಡಿದಳು. ಕಲಾ ವಿಭಾಗ, ಭೂಗೋಳ ಬೇಕೇ ಬೇಕು. ಸೇರಿಸಲು ತಾಯಿಯೊಂದಿಗೆ ನಾನೂ ಹೋದೆ. ಕಚೇರಿಯಲ್ಲಿದ್ದವರು ಸೌಮ್ಯವಾಗಿಯೇ ಹೇಳಿದರು: "ಭೂಗೋಳದಲ್ಲಿ ಪ್ರಾಯೋಗಿಕ ಉಂಟಮ್ಮ. ಎಲ್ಲ ನಕ್ಷೆಯ ಕೆಲಸ. ನಿಂಗೆ ಕಷ್ಟ ಆಗ್ತದೆ. ಬೇರೆ ಯಾವುದಾದ್ರೂ ತಗೊಳ್ಳುವ." ಅವಳು ಕದಲಲಿಲ್ಲ. "ಭೂಗೋಳದ ಸರ್ ಹತ್ರ ಮಾತಾಡ್ತೇನೆ" ಎಂದಳು.

ವಯಸ್ಸಾದ ಉಪನ್ಯಾಸಕರೊಬ್ಬರು ಬಂದರು. ಅವಳನ್ನು ಕೂರಿಸಿ ಕೇಳಿದರು: "ಸಮೋನ್ನತಿ ರೇಖೆ ಅಂದ್ರೆ ಎಂತ, ಹೇಳು ನೋಡುವ."

ಅವಳು ಎಡಗೈ ಮುಷ್ಟಿ ಮಾಡಿ ಮೇಜಿನ ಮೇಲೆ ಇಟ್ಟಳು. "ಇದು ಗುಡ್ಡ ಸರ್. ಒಬ್ಬ ಮನುಷ್ಯ ಇದರ ಮೈಮೇಲೆ ಒಂದು ಕಡೆಯಿಂದ ಹೊರಡ್ತಾನೆ. ಹತ್ತಲಿಕ್ಕಿಲ್ಲ, ಇಳಿಯಲಿಕ್ಕಿಲ್ಲ. ಹಾಗೆಯೇ ಸುತ್ತು ಬಂದು ಹೊರಟಲ್ಲಿಗೇ ಮುಟ್ಟಬೇಕು. ಅವನ ಕಾಲು ಬಿದ್ದ ದಾರಿ ಆ ರೇಖೆ." ಬಲಗೈಯ ಬೆರಳು ಮುಷ್ಟಿಯ ಗೆಣ್ಣುಗಳ ಕೆಳಗೆ ಒಂದು ಸುತ್ತು ಬಂತು. ಸ್ವಲ್ಪ ಕೆಳಗೆ ಇನ್ನೊಂದು ಸುತ್ತು ಬಂತು. "ಇವನು ಇನ್ನೊಬ್ಬ. ಇವರಿಬ್ಬರು ಎಂದೂ ಒಬ್ಬರ ದಾರಿಗೆ ಒಬ್ಬರು ಅಡ್ಡ ಬರುವುದಿಲ್ಲ ಸರ್. ಎತ್ತರ ಬೇರೆ ಅಲ್ವಾ."

ಉಪನ್ಯಾಸಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನ ಕಡೆ ನೋಡಿ, "ಹೇಳಿಕೊಟ್ಟವರು ನೀವಾ?" ಎಂದು ಕೇಳಿದರು.

ನಾನು ಹೌದೆಂದೆ. ಪೂರ್ತಿ ಸತ್ಯವಲ್ಲ, ಆ ಇಬ್ಬರು ಮನುಷ್ಯರನ್ನು ಗುಡ್ಡ ಹತ್ತಿಸಿದವಳು ಅವಳೇ. ಆದರೂ ಹೌದು ಎಂದಾಗ ನನಗಾದ ಸಂತೋಷವನ್ನು ಬಚ್ಚಿಟ್ಟುಕೊಳ್ಳಲು ಆಗಲಿಲ್ಲ.

"ಪ್ರಾಯೋಗಿಕ ತರಗತಿ ಇವಳಿಗೆ ಹೇಗೆ ಮಾಡುವುದು ಅಂತ ನನಗೆ ಈಗ ಗೊತ್ತಿಲ್ಲ" ಎಂದರು ಅವರು. "ಇಬ್ಬರೂ ಕೂಡಿ ಕಲಿಯುವ. ಆಗಬಹುದಾ?"

"ಆಗಬಹುದು ಸರ್" ಎಂದಳು ಅವಳು, ಅವರಿಗೆ ಅನುಮತಿ ಕೊಡುವವಳ ಹಾಗೆ.

ಈಗ ಅವಳು ಎರಡನೆಯ ವರ್ಷದಲ್ಲಿದ್ದಾಳೆ. ಮೊನ್ನೆ ಫೋನ್ ಮಾಡಿ, ಗಂಗಾ ನದಿಯ ಉಪನದಿಗಳು ವಿಪರೀತ, ಅವಕ್ಕೆಲ್ಲ ಒಂದೇ ದಪ್ಪದ ನೂಲು ಸಾಲುವುದಿಲ್ಲ, ಬೇರೆ ಬೇರೆ ದಪ್ಪದ್ದು ಬೇಕು, ನಿಮಗೆ ಎಲ್ಲಾದರೂ ಸಿಕ್ಕಿದರೆ ತೆಗೆದಿಡಿ ಎಂದು ಅಪ್ಪಣೆ ಮಾಡಿದಳು. ನಾನು ವಿಟ್ಲದ ಪೇಟೆಯಲ್ಲಿ ಹುಡುಕಿ, ಟೈಲರಿನ ಅಂಗಡಿಯಿಂದ ಒಂದಿಷ್ಟು, ಹೂ ಕಟ್ಟುವವರಿಂದ ಒಂದಿಷ್ಟು ಒಟ್ಟುಮಾಡಿದ್ದೇನೆ. ಶನಿವಾರ ಶಾಲೆ ಬಿಟ್ಟ ಮೇಲೆ ಮೂಡಬಿದಿರೆಯ ಬಸ್ಸು ಹಿಡಿಯಬೇಕು.